ಬೇಸ್‌ಮೆಂಟಿನ ಕಲ್ಲು

ಅವತ್ತು ನಾವು ದಾರಿ ತಪ್ಪಿದ್ದು ಮೋಡದಿಂದಲ್ಲ, ನನ್ನಿಂದ. ತಿರುಗಿ ಇಳಿದು ಬಂದದ್ದೂ ನನ್ನಿಂದಲೇ. ಇಷ್ಟು ವರ್ಷ ನಮ್ಮ ಮನೆಗೆ ಊಟಕ್ಕೆ ಬಂದವರಿಗೆಲ್ಲ ನಮ್ಮವರು ಮೋಡದ ಕತೆಯನ್ನೇ ಹೇಳುತ್ತ ಬಂದರು. ನಾನು ಒಳಗೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತ ಕೇಳಿಸಿಕೊಂಡು ಸುಮ್ಮನಿದ್ದೆ. ಈಗ ಮೊಮ್ಮಕ್ಕಳೂ ಅದನ್ನೇ ಹೇಳತೊಡಗಿದ್ದಾರೆ, ಅದೂ ಇಂಗ್ಲಿಷಿನಲ್ಲಿ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ನಾಲ್ಕನೆಯ ಇಯತ್ತೆಯ ತನಕ ಓದಿದವಳು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ಸಂಗತಿಯಲ್ಲಿ ತಿದ್ದುವಂಥದ್ದೇನೂ ಇಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಅಮೆರಿಕದಲ್ಲಿ, ಸೌತ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿನಲ್ಲಿ. ನಮ್ಮವರು ಎಂಜಿನಿಯರು, ದಿನಾ ಕಾರಿನಲ್ಲಿ ಡಿಯರ್‌ಬಾರ್ನಿಗೆ ಕೆಲಸಕ್ಕೆ ಹೋಗಿಬರುತ್ತಿದ್ದರು. ಮಗಳಿಗೆ ಒಂಬತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ನಮ್ಮ ಜಗಳಗಳೂ ಹಾಗೇ ನಡೆಯುತ್ತಿದ್ದವು. ನನ್ನ ದೊಡ್ಡ ಕಷ್ಟವೆಂದರೆ ಕುಟ್ಟಾಣಿ. ಊರಿಂದ ಕಬ್ಬಿಣದ ಕುಟ್ಟಾಣಿ ತಂದಿದ್ದೆ. ಶೇಂಗಾ ಚಟ್ನಿ ಕುಟ್ಟಲಿಕ್ಕೆ ಕೂತರೆ ಕೆಳಗಿನ ಮನೆಯ ಹೆಂಗಸು ಪೊರಕೆಯ ಕೋಲಿನಿಂದ ತನ್ನ ಮಾಳಿಗೆಯನ್ನು ತಿವಿಯುತ್ತಿದ್ದಳು. ನಾನು ಎರಡು ಸಲ ಕುಟ್ಟಿದರೆ ಅವಳು ಮೂರು ಸಲ. ನನಗೆ ಸ್ವಂತ ಮನೆ ಬೇಕೆನ್ನಿಸಿದ್ದು ಅಂತಸ್ತಿಗಲ್ಲ, ಕುಟ್ಟಲಿಕ್ಕೆ. ಇಲ್ಲಿನ ಮನೆಗಳಿಗೆ ಬೇಸ್‌ಮೆಂಟ್ ಅಂತ ನೆಲದೊಳಗೊಂದು ಕೋಣೆ ಇರುತ್ತದೆ, ಅಲ್ಲಿ ಏನು ಕುಟ್ಟಿದರೂ ಯಾರೂ ಕೇಳುವುದಿಲ್ಲ ಎಂದು ತಿಳಿದ ಮೇಲೆ ಅದೊಂದೇ ನನ್ನ ತಲೆಯಲ್ಲಿ.

ಗುಡ್ಡ ಹತ್ತುವ ಹುಚ್ಚು ಹಚ್ಚಿದವರು ಇಟಾಸ್ಕಾದಲ್ಲಿದ್ದ, ನಮ್ಮವರ ಗೆಳೆಯರೊಬ್ಬರು. ಷಿಕಾಗೋ ಹತ್ತಿರದ ಆ ಊರಿನಲ್ಲಿ ಅವರೂ ಎಂಜಿನಿಯರ್ ಕೆಲಸದಲ್ಲಿದ್ದರು. ಮೈಸೂರಿನವರು, ಇನ್ನೂ ಮದುವೆಯಾಗಿರಲಿಲ್ಲ. ಅಲ್ಲಿಯ ತನಕ ಚಾಮುಂಡಿ ಬೆಟ್ಟವನ್ನು ಬಸ್ಸಿನಲ್ಲಿ ಹತ್ತಿದವರು. ಆದರೆ ಪರ್ವತ ಹತ್ತುವುದರ ಬಗ್ಗೆ ಮೂರು ಪುಸ್ತಕ ಓದಿದ್ದರು, ಗಟ್ಟಿ ಬೂಟು ಕೊಂಡಿದ್ದರು, ಕೊರಳಿಗೆ ಕಂಪಾಸು ಕಟ್ಟಿಕೊಂಡಿದ್ದರು. ಜುಲೈಯಲ್ಲಿ ನಮ್ಮವರ ಕೆಲಸಕ್ಕೆ ಎರಡು ವಾರ ರಜೆ. ಡೇರೆ, ಮಲಗುವ ಚೀಲ, ಎಲ್ಲ ಕಾರಿಗೆ ತುಂಬಿ ಇಟಾಸ್ಕಾಕ್ಕೆ ಹೋಗಿ ಅವರನ್ನು ಕೂರಿಸಿಕೊಂಡು ವಯೋಮಿಂಗ್‌ನ ಪರ್ವತಗಳಿಗೆ ಹೊರಟೆವು. ನಾನು ಮೆಕ್ಕೆಜೋಳದ ಹಿಟ್ಟಿನಲ್ಲಿ ಅರವತ್ತು ರೊಟ್ಟಿ ಬಡಿದು, ಕಟಕಟ ಅನ್ನುವ ಹಾಗೆ ಒಣಗಿಸಿ ಬಟ್ಟೆಯಲ್ಲಿ ಕಟ್ಟಿದ್ದೆ. ಬಡಿಯುವಾಗಲೂ ಕೆಳಗಿನಿಂದ ಕೋಲಿನ ಸದ್ದು ಬಂತು.

ಎರಡನೆಯ ದಿನ ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಗೆಳೆಯರು ಹೇಳಿದರು, "ಅತ್ತಿಗೆ, ನಾವು ಮಾಡೋದು ಬರೀ ನಡಿಗೆ ಅಲ್ಲ. ಸ್ಕ್ರ್ಯಾಂಬ್ಲಿಂಗ್."

ಆ ಮಾತು ನನಗೆ ಗೊತ್ತಿತ್ತು. ಎದುರಿಗಿದ್ದ ಮೆನುವಿನ ಮೇಲೇ ಇತ್ತು. "ಅದು ತತ್ತಿದಲ್ಲೇನ್ರಿ? ನಾವು ತತ್ತಿ ತಿನ್ನಂಗಿಲ್ಲ," ಅಂದೆ.

ನಮ್ಮವರು ನಗುತ್ತ ಕಾಫಿ ಚೆಲ್ಲಿಕೊಂಡರು. ಗೆಳೆಯರು ಮಾತ್ರ ನಗದೆ ತಿಳಿಸಿದರು, "ಹಗ್ಗ ಇಲ್ದೆ, ಕೈ ಕಾಲು ಎರಡೂ ಹಾಕಿ ಬಂಡೆ ಹತ್ತೋದು ಅತ್ತಿಗೆ. ಕಷ್ಟ ಇದೆ. ನೀವೂ ಪುಟ್ಟಿನೂ ಟೆಂಟ್ ಹತ್ರಾನೇ ಇರಿ, ಆರಾಮಾಗಿ."

"ಪಾತ್ರೆ ಕಾಯಾಕ ಸಾವಿರದೈನೂರು ಮೈಲಿ ಬರಲಿಲ್ಲ ನಾನು," ಅಂದೆ.

ಒಂದು ದಿನ ಪೂರ್ತಿ ಬೆನ್ನ ಮೇಲೆ ಗಂಟು ಹೊತ್ತು ನಡೆದು ಒಂದು ಕೆರೆಯ ದಡದಲ್ಲಿ ಡೇರೆ ಹಾಕಿದೆವು. ಅದಕ್ಕಿಂತ ಮೇಲೆ ಮರವೇ ಬೆಳೆಯುವುದಿಲ್ಲ. ಜುಲೈಯಲ್ಲೂ ಬಂಡೆಯ ಮೂಲೆಗಳಲ್ಲಿ ಹಿಮ ಕೂತಿತ್ತು. ಕರಡಿ ಬರುತ್ತದೆಂದು ರೊಟ್ಟಿಯ ಗಂಟನ್ನು ಮರಕ್ಕೆ ಹಗ್ಗದಲ್ಲಿ ಎತ್ತಿ ಕಟ್ಟಿದರು. ಕರಡಿಗೆ ಆ ರೊಟ್ಟಿ ಕಡಿಯಲಿಕ್ಕೆ ಹಲ್ಲು ಸಾಕಾಗುತ್ತಿರಲಿಲ್ಲ.

ಮರುದಿನ ಬೆಳಕು ಹರಿಯುವಾಗಲೇ ಹತ್ತಲಿಕ್ಕೆ ಶುರು ಮಾಡಿದೆವು. ನಾನು ನಮ್ಮವರ ಹಳೆಯ ಪ್ಯಾಂಟು ಹಾಕಿಕೊಂಡು ಸೊಂಟಕ್ಕೆ ಲಾಡಿ ಬಿಗಿದಿದ್ದೆ. ಮೊದಲು ಗುಂಡುಗಲ್ಲುಗಳ ಬಯಲು. ಕೆಲವು ಕುರಿಯಷ್ಟು, ಕೆಲವು ಕಾರಿನಷ್ಟು, ಒಂದರ ಮೇಲೊಂದು ಬಿದ್ದಿವೆ. ಅಲ್ಲಿ ಗಂಡಸರಿಬ್ಬರೂ ಕೂಸು ಅಂಬೆಗಾಲಿಟ್ಟಂತೆ ಹೋಗುತ್ತಿದ್ದರು. ನನಗೆ ನಗೆ ಬಂತು. ನಾನು ಹುಟ್ಟಿ ಬೆಳೆದದ್ದು ಗಂಗಾವತಿಯ ಕಡೆ. ನಮ್ಮ ಊರೆಂದರೆ ಗುಂಡುಗಲ್ಲೇ. ಮದುವೆಯಾಗುವ ತನಕ ಆಡು ಮೇಯಿಸಿದ್ದು ಅವುಗಳ ಮೇಲೆ. ಕಲ್ಲಿನ ಅಂಚಿಗೆ ಕಾಲಿಡಬಾರದು, ನೆತ್ತಿಗೆ ಇಡಬೇಕು. ಪೂರ್ತಿ ಭಾರ ಹಾಕುವ ಮೊದಲು ಸ್ವಲ್ಪ ಒತ್ತಿ ನೋಡಬೇಕು. ಕೈಕಾಲು ನಾಲ್ಕರಲ್ಲಿ ಒಂದನ್ನು ಬಿಟ್ಟರೆ ಉಳಿದ ಮೂರು ಹಿಡಿದಿರಬೇಕು. ಇದನ್ನು ನನಗೆ ಯಾರೂ ಕೂತು ಹೇಳಿಕೊಟ್ಟದ್ದಲ್ಲ. ಮಗಳಿಗೆ ಮಾತ್ರ ನಾನು ಹೇಳಿಕೊಟ್ಟೆ. ಅರ್ಧ ತಾಸಿನಲ್ಲಿ ಅವಳೂ ಕಲಿತಳು.

ಗೆಳೆಯರು ಏದುಸಿರು ಬಿಡುತ್ತ ಕೇಳಿದರು, "ಅತ್ತಿಗೆ, ಇದನ್ನ ಯಾವ ಕಾಲೇಜಲ್ಲಿ ಕಲಿತ್ರಿ?"

"ಆಡಿನ ಕಾಲೇಜಿನಾಗ. ಅಲ್ಲಿ ಬೂಟು ಕೊಡಂಗಿಲ್ಲ."

ದಾರಿಯುದ್ದಕ್ಕೂ ಅಲ್ಲಲ್ಲಿ ಯಾರೋ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಮೊಳದೆತ್ತರ ನಿಲ್ಲಿಸಿದ್ದರು. ನನಗೆ ಬಹಳ ಸಂತೋಷವಾಯಿತು. ನಮ್ಮ ಕಡೆ, ಹಂಪಿಯ ಗುಡ್ಡಗಳ ಮೇಲೆ ಮನೆ ಬೇಡಿಕೊಳ್ಳುವವರು ಹೀಗೇ ಕಲ್ಲು ಜೋಡಿಸುತ್ತಾರೆ. ಸ್ವಂತ ಸೂರು ಆಗಲಿ ಅಂತ. ಇಲ್ಲಿನವರೂ ಬೇಡಿಕೊಳ್ಳುತ್ತಾರೆ ಅಂದುಕೊಂಡೆ, ಇಷ್ಟೆಲ್ಲ ಮನೆ ಇದ್ದರೂ ಸಾಲದೆ. ಅದು ದಾರಿಯ ಗುರುತು, ಅದನ್ನೇ ನೋಡಿಕೊಂಡು ಹೋಗಬೇಕು, ಅದನ್ನೇ ನೋಡಿಕೊಂಡು ಇಳಿಯಬೇಕು ಎಂದು ಕೆಳಗೆ ಕಾಡಿನ ಆಫೀಸಿನವನು ಗೆಳೆಯರಿಗೆ ಹೇಳಿದ್ದನಂತೆ. ಆಗ ನಾನು ನೀರು ತುಂಬಿಸುತ್ತಿದ್ದೆ. ಆಮೇಲೂ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ?

ಮುಕ್ಕಾಲು ದಾರಿ ಹತ್ತಿದ ಮೇಲೆ ಬಂಡೆಯಿಂದ ನೀರು ಜಿನುಗುವ ಒಂದು ಜಾಗ ಬಂತು. ಅಲ್ಲಿಂದ ದಾರಿ ಬಲಕ್ಕೆ ತಿರುಗಿ ಒಂದು ಸೀಳಿನೊಳಗೆ ಮೇಲಕ್ಕೆ ಹೋಗುತ್ತದೆ. ಎಡಕ್ಕೆ ಬಂಡೆಯ ಮೈಗುಂಟ ಒಂದು ಹಾಸು, ಜಗುಲಿಯ ಹಾಗೆ. ಗಂಡಸರು ಬೂಟು ಬಿಚ್ಚಿ ಕೂತರು. ನಾನು ಮರೆಗೆ ಹೋಗಬೇಕಾಗಿತ್ತು, ಆ ಹಾಸಿನ ಮೇಲೆ ಹೋದೆ. ಅಲ್ಲಿ ಎಂಥ ಕಲ್ಲು ಅಂತೀರಿ. ಒಂದೊಂದೂ ರೊಟ್ಟಿಯ ಹಾಗೆ ಚಪ್ಪಟೆ, ಇಟ್ಟರೆ ಅಲುಗದು. ಕೈ ತಡೆಯಲಿಲ್ಲ. ಮೊದಲು ಅಡಿಗೆಮನೆಗೆ ಒಂದು ಗುಡ್ಡೆ ಜೋಡಿಸಿದೆ. ಹತ್ತು ಹೆಜ್ಜೆ ಮುಂದೆ ಪಡಸಾಲೆಗೆ. ಆಮೇಲೆ ದೇವರಮನೆಗೆ. ಆಮೇಲೆ ಮಗಳ ಕೋಣೆಗೆ. ಊರಲ್ಲಿ ಒಂದು ಮನೆಗೆ ಒಂದೇ ಗುಡ್ಡೆ. ನನಗೆ ಅಷ್ಟು ಸಾಲಲಿಲ್ಲ. ಅಮೆರಿಕದ ಮನೆ, ಬಿಡಿಸಿ ಕೇಳಿದರೆ ಒಳ್ಳೆಯದು ಅನ್ನಿಸಿತು. ಕೊನೆಗೆ ಹಾಸು ಸಣ್ಣದಾಗುವ ಕಡೆ ಬೇಸ್‌ಮೆಂಟಿಗೆ ಒಂದು ಜೋಡಿಸಿ, ಅದರ ತಲೆಯ ಮೇಲೆ ಒಂದು ಬಿಳಿಗಲ್ಲು ಇಟ್ಟೆ. ಅದು ಮರೆಯಬಾರದು ದೇವರಿಗೆ.

ತಿರುಗಿ ಬಂದಾಗ ನಮ್ಮವರು ಕೇಳಿದರು, "ಇಷ್ಟೊತ್ತು ಎಲ್ಲಿ ಹೋಗಿದ್ದಿ?"

"ಹೋಗೋ ಕಡಿ ಹೋಗಿದ್ದೆ," ಅಂದೆ. ಬೇಡಿಕೊಂಡದ್ದನ್ನು ಬಾಯಿಬಿಟ್ಟು ಹೇಳಬಾರದು.

ತುದಿ ಮುಟ್ಟಿದೆವು. ಮೊದಲು ನಾನು, ನನ್ನ ಹಿಂದೆ ಮಗಳು, ಅವಳ ಹಿಂದೆ ಎಂಜಿನಿಯರಿಬ್ಬರು. ಇದನ್ನೂ ನಮ್ಮವರು ಊಟದ ಹೊತ್ತಿನಲ್ಲಿ ಹೇಳುವುದಿಲ್ಲ. ನಾಲ್ಕೂ ಕಡೆ ಬರೀ ಕಲ್ಲಿನ ಶಿಖರ. ಸೌತ್‌ಫೀಲ್ಡಿನಲ್ಲಿ ಎತ್ತರವೆಂದರೆ ಹೈವೇ ಮೇಲಿನ ಸೇತುವೆ. ರೊಟ್ಟಿ ಮುರಿದು ಚಟ್ನಿ ಹಚ್ಚಿ ಕೊಟ್ಟೆ. ಮಧ್ಯಾಹ್ನದೊಳಗೆ ಇಳಿಯಬೇಕೆಂದು ಪುಸ್ತಕದಲ್ಲಿ ಓದಿದ ಗೆಳೆಯರೇ ಫೋಟೋ ತೆಗೆಯುತ್ತ ನಿಂತರು. ಪಡುವಣದಲ್ಲಿ ಮೋಡ ಕಪ್ಪಾಗಿದ್ದನ್ನು ಕಂಡು ನಾನು, "ನಡೀರಿ ಇನ್ನ," ಅಂದೆ. ಇನ್ನೂ ಎರಡು ಫೋಟೋ ಆದವು.

ಸೀಳಿನೊಳಗೆ ಇಳಿಯುವಾಗಲೇ ಮೋಡ ನಮ್ಮನ್ನು ಹಿಡಿಯಿತು. ಹತ್ತು ಹೆಜ್ಜೆಯಾಚೆ ಏನೂ ಕಾಣದು. ಗುಡುಗು ಶುರುವಾಯಿತು. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಬೇಕೆಂದು ಮಗಳಿಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಎಣಿಕೆ ಕಡಿಮೆಯಾದಷ್ಟೂ ಸಿಡಿಲು ಹತ್ತಿರ. ಅವಳು ನನ್ನ ಮುಂದೆ ಇಳಿಯುತ್ತ, ಇಲ್ಲಿನ ಮಕ್ಕಳು ಸೆಕೆಂಡು ಎಣಿಸುವ ಹಾಗೆ, "ವನ್ ಮಿಸ್ಸಿಸ್ಸಿಪ್ಪಿ, ಟೂ ಮಿಸ್ಸಿಸ್ಸಿಪ್ಪಿ," ಎಂದು ಎಣಿಸುತ್ತಿದ್ದಳು. ಹದಿನಾಲ್ಕಕ್ಕೆ ಗುಡುಗಿತು. ಆ ಬೋಳು ಬಂಡೆಯ ಮೇಲೆ ನಮಗಿಂತ ಎತ್ತರದ್ದು ಏನೂ ಇರಲಿಲ್ಲ. ಸಿಡಿಲು ತಲುಪುವುದರೊಳಗೆ ಆ ಕೂಸನ್ನು ಕೆರೆಯ ದಡಕ್ಕೆ ಮುಟ್ಟಿಸಬೇಕು, ಅಷ್ಟೇ ನನ್ನ ತಲೆಯಲ್ಲಿ. ಅವಳ ಕೋಟನ್ನು ಹಿಂದಿನಿಂದ ಹಿಡಿದು, ಅವಳ ಕಾಲಷ್ಟನ್ನೇ ನೋಡುತ್ತ ಇಳಿದೆ. ಮುಂದೆ ಗೆಳೆಯರು, ನಡುವೆ ನಮ್ಮವರು.

ನೀರು ಜಿನುಗುವ ಜಾಗಕ್ಕೆ ಬಂದದ್ದು ಗೊತ್ತಾಯಿತು, ಕೈ ಒದ್ದೆಯಾಯಿತು. ಮುಂದಿನಿಂದ ಗೆಳೆಯರ ದನಿ ಬಂತು, "ಇಲ್ಲಿದೆ ನೋಡಿ ಮಾರ್ಕು. ಬನ್ನಿ, ಈ ಕಡೆ." ಸ್ವಲ್ಪ ಹೊತ್ತಿಗೆ, "ಇಲ್ಲೊಂದು." ಮತ್ತೆ, "ಇನ್ನೊಂದು. ಎಷ್ಟು ಚೆನ್ನಾಗಿ ಇಟ್ಟಿದಾರೆ ನೋಡಿ, ಹತ್ತತ್ತು ಹೆಜ್ಜೆಗೆ." ಯಾವ ಮಾರ್ಕು, ಏನು, ನನಗೆ ತಿಳಿಯಲಿಲ್ಲ. ಮಗಳ ಎಣಿಕೆ ಹತ್ತಕ್ಕೆ ಇಳಿದಿತ್ತು.

ಆಮೇಲೆ ಗೆಳೆಯರ ಮಾತು ನಿಂತಿತು. ನಮ್ಮವರು ಕೂಗಿದರೂ ಉತ್ತರವಿಲ್ಲ. ನಾನು ಮಗಳನ್ನು ಅವರ ಕೈಗೆ ಕೊಟ್ಟು ಮುಂದೆ ಬಂದರೆ ಕಾಲಿಗೆ ಸಿಕ್ಕಿದ್ದು ಒಂದು ಕಲ್ಲಿನ ಗುಡ್ಡೆ, ಅದರ ತಲೆಯ ಮೇಲೆ ಬಿಳಿಗಲ್ಲು.

ಮುಟ್ಟಿ ನೋಡಿದೆ, ನನ್ನದೇ. ಅದನ್ನು ದಾಟಿದರೆ ಹಾಸು ಎರಡು ಗೇಣು ಅಗಲ. ಗೆಳೆಯರು ಮುಂದಿನ ಮಾರ್ಕು ಹುಡುಕುತ್ತ ಆ ಎರಡು ಗೇಣಿನ ಮೇಲೆ ಹೋಗಿ, ಮೋಡ ಒಂದು ಚಣ ಹರಿದಾಗ ಕೆಳಗೆ ನೋಡಿಬಿಟ್ಟಿದ್ದರು. ಕೆಳಗೆ ಏನೂ ಇರಲಿಲ್ಲ. ಬಂಡೆಗೆ ಎದೆ ಹಚ್ಚಿ, ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದರು.

"ಆಗಲ್ಲ ಅತ್ತಿಗೆ," ಅಂದರು. "ಕಾಲು ಬರ್ತಿಲ್ಲ."

ಆಡು ಹೀಗೆ ಸಿಕ್ಕಿಹಾಕಿಕೊಂಡಾಗ ಕೂಗಿದರೆ ಹಾರಿಬಿಡುತ್ತದೆ. ಹತ್ತಿರ ಹೋಗಬೇಕು. ನನ್ನ ಅಗ್ಗದ ಬಟ್ಟೆಯ ಬೂಟು ಒದ್ದೆ ಕಲ್ಲಿನ ಮೇಲೆ ಜಾರುತ್ತಿತ್ತು. ಅದನ್ನು ಬಿಚ್ಚಿ ಬಿಳಿಗಲ್ಲಿನ ಪಕ್ಕಕ್ಕಿಟ್ಟು ಬರಿಗಾಲಲ್ಲಿ ಹೋದೆ. ಕಲ್ಲು ಹಿಮದಷ್ಟು ತಣ್ಣಗಿತ್ತು, ಆದರೆ ಬೆರಳು ಹಿಡಿಯಿತು. ಬಂಡೆಯ ಒಂದು ಬಿರುಕಿನಲ್ಲಿ ಬಲಗೈ ತುರುಕಿ, ಕುಕ್ಕರುಗಾಲಲ್ಲಿ ಕೂತು, ಎಡಗೈಯಿಂದ ಅವರ ಬೂಟು ಹಿಡಿದೆ.

"ನನ್ನ ಕೈ ನೋಡ್ರಿ. ಬ್ಯಾರೆ ಏನೂ ನೋಡಬ್ಯಾಡ್ರಿ. ಈ ಕಾಲು ಇಲ್ಲಿ ಇಡ್ತೀನಿ."

"ಬೀಳ್ತೀನಿ."

"ಬೀಳಂಗಿಲ್ಲ. ನಿಮಗಿನ್ನೂ ಮದುವಿ ಆಗಬೇಕು. ಇಡ್ರಿ ಕಾಲು."

ಒಂದು ಗೇಣು ಈ ಕಾಲು, ಒಂದು ಗೇಣು ಆ ಕಾಲು. ಆರು ಸಲ ಹಾಗೆ ಎತ್ತಿ ಎತ್ತಿ ಇಟ್ಟೆ. ಹಿಂದೆ ಮಗಳ ಎಣಿಕೆ ಆರಕ್ಕೆ ಇಳಿಯಿತು. ಅವಳು ಅಳುತ್ತಿರಲಿಲ್ಲ. "ಅವ್ವಾ, ಇಟ್ಸ್ ಸಿಕ್ಸ್," ಅಂದಳು, ಗಡಿಯಾರದ ಹೊತ್ತು ಹೇಳಿದ ಹಾಗೆ.

ಅಗಲದ ಜಾಗಕ್ಕೆ ಬಂದು ಕೂತ ಕೂಡಲೇ ಗೆಳೆಯರಿಗೆ ಮತ್ತೆ ಪುಸ್ತಕ ನೆನಪಾಯಿತು. ಬಿಳಿಗಲ್ಲು ತೋರಿಸಿ ಅಂದರು, "ಮಾರ್ಕು ಇಲ್ಲೇ ಇದೆಯಲ್ಲ. ದಾರಿ ಇಲ್ಲೇ ಎಲ್ಲೋ ಕೆಳಗೆ ಇಳೀಬೇಕು. ಕಲ್ಲು ಬಿಟ್ಟು ಹೋಗ್ಬೇಡಿ ಅಂತ ಆಫೀಸಿನವನು ಕ್ಲಿಯರಾಗಿ ಹೇಳಿದಾನೆ."

"ಹೌದು, ಹಿಂದ ಹೋದ್ರ ಪೂರಾ ತಪ್ಪತೀವಿ," ಎಂದು ನಮ್ಮವರೂ ದನಿಗೂಡಿಸಿ ಅಂಚಿನ ಕಡೆಗೆ ಬಗ್ಗಿ ನೋಡತೊಡಗಿದರು, ಮಗಳ ಕೈ ಹಿಡಿದುಕೊಂಡೇ.

ಆಗ ನನಗೆ ಎಲ್ಲ ತಿಳಿಯಿತು. ಹೇಳದೆ ಇದ್ದರೆ ಇವರು ಆ ಕಲ್ಲನ್ನು ನಂಬಿ ಇಳಿಯುತ್ತಾರೆ.

"ಮುಂದ ದಾರಿ ಇಲ್ಲ," ಅಂದೆ. "ಇದು ಬೇಸ್‌ಮೆಂಟು."

ಇಬ್ಬರೂ ನನ್ನ ಮುಖ ನೋಡಿದರು. ನನಗೇ ಸಿಡಿಲು ಬಡಿದು ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

"ಈ ಕಲ್ಲು ನಾ ಇಟ್ಟವು. ಹತ್ತೋ ಮುಂದ. ಮನಿ ಬೇಡಿಕೊಂಡೆ. ಇದು ಬೇಸ್‌ಮೆಂಟು. ಇದರ ಹಿಂದಿಂದು ಇಕಿ ಕೋಣಿ, ಅದರ ಹಿಂದ ದೇವರಮನಿ, ಪಡಸಾಲಿ, ಅಡಿಗಿಮನಿ. ಅಡಿಗಿಮನಿ ದಾಟಿದ್ರ ನೀರು ಜಿನಗೋ ಜಾಗ. ಅಲ್ಲಿಂದ ಖರೇ ದಾರಿ."

ನಮ್ಮವರು ಅಂಚಿನಿಂದ ಹಿಂದಕ್ಕೆ ಸರಿದರು. "ನಿನ್ನ..." ಅಂದರು.

"ಬೈಯೋದು ಕೆಳಗ ಹೋಗಿ ಬೈರಿ. ನಡೀರಿ."

ನಾನು ಮುಂದಾದೆ. ಮೋಡದೊಳಗೆ ಒಂದು ಗುಡ್ಡೆಯಿಂದ ಇನ್ನೊಂದು ಕಾಣುತ್ತಿರಲಿಲ್ಲ. ಆದರೆ ನನಗೆ ಕಾಣಬೇಕಾಗಿಯೂ ಇರಲಿಲ್ಲ, ನನ್ನ ಮನೆಯೊಳಗೆ ನಾನು ನಡೆದಂತೆ ನಡೆದೆ. ಮಗಳ ಕೋಣೆ. ದೇವರಮನೆ, ಕೈ ಮುಗಿಯಲಿಲ್ಲ. ಪಡಸಾಲೆ. ಅಡಿಗೆಮನೆ. ಆಮೇಲೆ ಒದ್ದೆ ಬಂಡೆ. ಅಲ್ಲಿಂದ ಕೆಳಗೆ ನೇರ ಇಳಿದರೆ ಬೇರೆಯವರು ಇಟ್ಟ ಮೊದಲ ಗುಡ್ಡೆ. ಮೇಲಿನ ಕಲ್ಲು ಉರುಳಿ ಅದು ಗಿಡ್ಡಾಗಿತ್ತು, ಅದಕ್ಕೇ ಗೆಳೆಯರಿಗೆ ಮೊದಲು ನನ್ನದು ಕಂಡದ್ದು. ಮಗಳು ಮೂರು ಅನ್ನುವಾಗ ನಾವು ಗುಂಡುಗಲ್ಲುಗಳ ನಡುವೆ ಇಳಿದು, ಒಂದು ದೊಡ್ಡ ಗುಂಡಿನ ಪಕ್ಕದ ತಗ್ಗಿನಲ್ಲಿ ಮುದುರಿ ಕೂತೆವು. ಮೇಲೆ ಆ ಹಾಸಿನ ಕಡೆ ಎಲ್ಲೋ ಸಿಡಿಲು ಬಡಿದ ಸದ್ದಿಗೆ ಕಿವಿ ಮುಚ್ಚಿಹೋಯಿತು. ಆಲಿಕಲ್ಲು ಬಿತ್ತು. ಅದು ನಿಂತ ಮೇಲೆ ಕೆರೆಯ ದಡಕ್ಕೆ ಬಂದೆವು, ನಾಲ್ವರೂ, ಕೈಕಾಲು ಸಮೇತ. ನನ್ನ ಅಂಗಾಲು ಎರಡು ಕಡೆ ಒಡೆದಿತ್ತು. ಬೂಟು ಮೇಲೇ ಉಳಿದಿತ್ತು.

ಯಾರೂ ಬೈಯಲಿಲ್ಲ. ಗೆಳೆಯರು ಒಲೆ ಹಚ್ಚಿ ತಾವೇ ಚಹಾ ಮಾಡಿ ಮೊದಲು ನನಗೆ ಕೊಟ್ಟರು. ಅದು ಚಹಾದಂತಿರಲಿಲ್ಲ, ಆದರೂ ಕುಡಿದೆ. ನಮ್ಮವರು ನನ್ನ ಕಾಲು ಒರೆಸಿ ಬಟ್ಟೆ ಕಟ್ಟುತ್ತ, "ಬೇಸ್‌ಮೆಂಟಂತ," ಅಂದು ಒಬ್ಬರೇ ನಕ್ಕರು. ಎಷ್ಟು ಹೊತ್ತು ನಕ್ಕರೆಂದರೆ, ಮಗಳು ಹೆದರಿದಳು.

ಮನೆ ಅದಾದ ಮೂರು ವರ್ಷಕ್ಕೆ ಆಯಿತು, ಸೌತ್‌ಫೀಲ್ಡಿನಲ್ಲೇ. ಕಲ್ಲಿನಿಂದ ಆದದ್ದಲ್ಲ, ನಮ್ಮವರ ದುಡಿಮೆಯಿಂದ, ನನ್ನ ಜಿಗುಟುತನದಿಂದ. ಬೇಸ್‌ಮೆಂಟೂ ಇದೆ. ಪ್ರತಿ ವಸಂತದಲ್ಲಿ ಅದರೊಳಗೆ ನೀರು ಬರುತ್ತದೆ. ಕುಟ್ಟುವುದು ಮಾತ್ರ ಯಾರಿಗೂ ಕೇಳುವುದಿಲ್ಲ.

ಮೋಡದ ಕತೆ ಹುಟ್ಟಿದ್ದು ಆ ಸಂಜೆಯೇ. ಕೆರೆಯ ಆಚೆ ದಡದಲ್ಲಿ ಒಂದು ಜೋಡಿ ಬಂದು ಡೇರೆ ಹಾಕಿತು. ಎಳೆಯ ವಯಸ್ಸಿನ ಗಂಡ ಹೆಂಡತಿ, ಇಲ್ಲಿನವರು. ಮಾತಾಡಿಸಲಿಕ್ಕೆ ನಮ್ಮ ಕಡೆ ಬಂದರು. ನಾಳೆ ತುದಿಗೆ ಹೋಗುತ್ತಾರಂತೆ, ದಾರಿ ಹೇಗಿದೆ ಎಂದು ಕೇಳಿದರು. ನಮ್ಮವರು ಮೋಡ ಬಂತು, ಸ್ವಲ್ಪ ದಾರಿ ತಪ್ಪಿತು ಅಂದರು. ಗೆಳೆಯರು ನನ್ನ ಕಡೆ ನೋಡದೆ, ಕಲ್ಲಿನ ಗುರುತು ನೋಡಿಕೊಂಡು ಹೋಗಿ, ಸುಲಭ ಅಂದರು. ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತಿತ್ತು.

ಅವರು ಹೋದ ಮೇಲೆ ನಾನು ಅಂದೆ, "ನನ್ನ ಕಲ್ಲಿನ ಸುದ್ದಿ ಹೇಳ್ರಿ ಅವರಿಗೆ."

"ಏನಂತ ಹೇಳಲಿ? ನನ್ನ ಹೆಂಡತಿ ಅಲ್ಲಿ ಮನಿ ಕಟ್ಯಾಳ, ಅತ್ತಾಗ ಹೋಗಬ್ಯಾಡ್ರಿ ಅಂತನಾ?" ಅಂದರು ನಮ್ಮವರು. "ಮುಂಜಾನೆ ಹೇಳ್ತೀನಿ ಬಿಡು."

ಮುಂಜಾನೆ ನಮ್ಮವರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಬೆಳಕು ಹರಿಯುವ ಮೊದಲೇ ಎದ್ದೆ. ನಮ್ಮವರ ಬೂಟಿಗೆ ಎರಡು ಜೋಡಿ ಕಾಲುಚೀಲ ತುರುಕಿ ಹಾಕಿಕೊಂಡು, ಜೇಬಿಗೆ ಒಂದು ರೊಟ್ಟಿ ಮುರಿದಿಟ್ಟುಕೊಂಡು ಹೊರಟೆ. ಆಚೆ ದಡದ ಡೇರೆ ಇನ್ನೂ ಮುಚ್ಚಿತ್ತು. ಆಕಾಶ ಒರೆಸಿಟ್ಟ ಹಾಗಿತ್ತು. ಗುಂಡುಗಲ್ಲು ದಾಟಿ, ಒದ್ದೆ ಬಂಡೆಯ ಹತ್ತಿರ ಎಡಕ್ಕೆ ತಿರುಗಿ, ಮೊದಲು ಹಾಸಿನ ತುದಿಯ ತನಕ ಹೋದೆ. ಬೇಸ್‌ಮೆಂಟನ್ನು ಕೆಡವಿ ಅದರ ಕಲ್ಲುಗಳನ್ನು ಹಾಸಿನ ಮೇಲೆ ಚದುರಿಸಿದೆ. ನನ್ನ ಬೂಟು ಅಲ್ಲೇ ಇತ್ತು, ಒಳಗೆ ಆಲಿಕಲ್ಲು ತುಂಬಿತ್ತು. ಅದನ್ನು ಸುರಿದು ಬೂಟನ್ನು ಕೊರಳಿಗೆ ಹಾಕಿಕೊಂಡೆ. ಮಗಳ ಕೋಣೆ ಕೆಡವಿದೆ. ದೇವರಮನೆ, ಪಡಸಾಲೆ, ಅಡಿಗೆಮನೆ ಕೆಡವಿದೆ. ಹಾಸಿನ ಬಾಯಿಗೆ ಒಂದು ಸಾಲು ಕಲ್ಲು ಅಡ್ಡ ಇಟ್ಟೆ, ಹೊಸ್ತಿಲಿನ ಹಾಗೆ, ಯಾರೂ ದಾಟದಂತೆ. ಆಮೇಲೆ ಖರೇ ದಾರಿಯ ಗಿಡ್ಡಾಗಿದ್ದ ಗುಡ್ಡೆಯ ಹತ್ತಿರ ಇಳಿದು, ನನ್ನ ಚಪ್ಪಟೆ ಕಲ್ಲುಗಳಲ್ಲಿ ಒಳ್ಳೆಯವನ್ನು ಆರಿಸಿ ತಂದು, ಎದೆಯೆತ್ತರಕ್ಕೆ ಅದನ್ನು ಏರಿಸಿ, ತಲೆಯ ಮೇಲೆ ಬಿಳಿಗಲ್ಲು ಕೂರಿಸಿದೆ.